ಕಾರಿನ ಗಾಜಿಗೆ ಒಳಗಿಂದ ಹತ್ತುವ ಮಬ್ಬು: ತೆಗೆಯುವ ಬಗೆ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಜುಲೈ ತಿಂಗಳ ರಾತ್ರಿ, ಬಿಡದ ಮಳೆ. ತಿರುವಿನಲ್ಲಿ ಎದುರಿನಿಂದ ಟ್ಯಾಂಕರ್ ಲಾರಿಯೊಂದು ಹೈಬೀಮ್ ಹಾಕಿಕೊಂಡೇ ಬಂತು. ಎರಡು ದೀಪ ಕಾಣಬೇಕಾದ ಕಡೆ ಇಡೀ ಮುಂದಿನ ಗಾಜೇ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ರಸ್ತೆಯಂಚಿನ ಬಿಳಿ ಗೆರೆಯೂ ಇಲ್ಲ, ಪಕ್ಕದ ತಡೆಗೋಡೆಯೂ ಇಲ್ಲ. ಮೂರೋ ನಾಲ್ಕೋ ಸೆಕೆಂಡು, ಅಷ್ಟೆ. ಆದರೆ ಆ ಹೊತ್ತಿನಲ್ಲಿ ಗಾಡಿ ಎಷ್ಟು ದೂರ ಹೋಗಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ವೈಪರ್ ಬ್ಲೇಡು ಹೊಸದು, ಹಾಕಿಸಿ ಎರಡು ವಾರವೂ ಆಗಿರಲಿಲ್ಲ. ಗುಂಡ್ಯದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಜಿನ ಒಳಮೈ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದೆ. ಬೆರಳು ಜಾರಿತು, ಗೆರೆ ಉಳಿಯಿತು. ತೊಂದರೆ ಇದ್ದದ್ದು ಹೊರಗಲ್ಲ, ಒಳಗೆ.

ಮರುದಿನ ಒದ್ದೆ ಬಟ್ಟೆ ತಂದು ಒರೆಸಿದೆ. ಒದ್ದೆಯಿರುವಷ್ಟು ಹೊತ್ತು ಗಾಜು ಕನ್ನಡಿಯಂತಿತ್ತು. ಒಣಗಿದ ಮೇಲೆ ಬಟ್ಟೆ ಓಡಾಡಿದ ದಾರಿಯೆಲ್ಲ ಕಮಾನು ಕಮಾನಾಗಿ ಮೂಡಿತು, ಸಂಜೆ ಬಿಸಿಲಿಗೆ ಎದುರಾಗಿ ಓಡಿಸಿದಾಗ ಮೊದಲಿಗಿಂತ ಕಷ್ಟವಾಯಿತು. ಕಾರಿರುವ ಹೆಚ್ಚಿನವರಿಗೆ ಈ ಅನುಭವ ಆಗಿರುತ್ತದೆ. ಒರೆಸಿ ಸೋತು, "ಗಾಜೇ ಹಳೇದಾಯ್ತು" ಎಂದು ಕೈಬಿಟ್ಟವರೂ ಇದ್ದಾರೆ. ಗಾಜು ಹಾಗೆ ಹಳತಾಗುವುದಿಲ್ಲ. ಅದರ ಮೇಲೆ ಕೂತಿರುವುದೇನು ಎಂದು ಗೊತ್ತಾದರೆ ಅರ್ಧ ಗಂಟೆಯ ಕೆಲಸದಲ್ಲಿ ಅದು ಹೊಸದರಂತೆ ಆಗುತ್ತದೆ.

ಈ ಜಿಡ್ಡು ಬರುವುದು ಎಲ್ಲಿಂದ?

ಒಗ್ಗರಣೆ ಹಾಕುವ ಒಲೆಯ ಪಕ್ಕದ ಕಿಟಕಿಗಾಜನ್ನು ನೆನಪಿಸಿಕೊಳ್ಳಿ. ಅದಕ್ಕೆ ಯಾರೂ ಎಣ್ಣೆ ಬಳಿದಿಲ್ಲ. ಕಾದ ಎಣ್ಣೆಯ ಹಬೆ ತಣ್ಣನೆಯ ಗಾಜು ಸಿಕ್ಕಲ್ಲಿ ಕೂತಿತು, ಅದಕ್ಕೆ ಧೂಳು ಅಂಟಿತು. ಕಾರಿನೊಳಗೆ ನಡೆಯುವುದೂ ಇದೇ. ಇಲ್ಲಿ ಒಲೆ ಎಂದರೆ ಬಿಸಿಲು, ಬಾಣಲೆ ಎಂದರೆ ಡ್ಯಾಶ್‌ಬೋರ್ಡು.

ತೋಟದ ಬೋರ್‌ವೆಲ್ಲಿಗೆ ಇಳಿಸುವ ಗಟ್ಟಿ ಪೈಪು ಪಿವಿಸಿ. ಸೀಟಿನ ರೆಕ್ಸಿನ್, ಎಷ್ಟೋ ಕಾರುಗಳ ಡ್ಯಾಶ್‌ಬೋರ್ಡಿನ ಮೇಲ್ಹೊದಿಕೆ ಕೂಡ ಪಿವಿಸಿಯೇ. ಅಷ್ಟು ಗಟ್ಟಿಯಾದದ್ದು ಇಷ್ಟು ಮೆತ್ತಗಾಗುವುದು ಅದಕ್ಕೆ ಬೆರೆಸಿದ ಎಣ್ಣೆಯಂಥ ದ್ರವಗಳಿಂದ. ಇವಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಮೈ 70 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾಯಬಲ್ಲದು. ಆ ಬಿಸಿಗೆ ಈ ದ್ರವಗಳು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಗಾಳಿಗೆ ಸೇರುತ್ತವೆ. ರಾತ್ರಿ ತಂಪಾದಾಗ ಕಾರಿನಲ್ಲಿ ಬೇಗ ತಣಿಯುವುದು ಗಾಜು, ಹಾಗಾಗಿ ಆವಿ ಅಲ್ಲಿ ಹನಿಗಟ್ಟಿ ಕೂರುತ್ತದೆ. ಮುಂದಿನ ಗಾಜು ಡ್ಯಾಶ್‌ಬೋರ್ಡಿನ ಮೇಲೆಯೇ ಬಾಗಿ ನಿಂತಿರುವುದರಿಂದ ಪಾಲು ಜಾಸ್ತಿ ಅದಕ್ಕೆ. ಹೊಸ ಕಾರಿನ ವಾಸನೆ ಎಂದು ನಾವು ಇಷ್ಟಪಟ್ಟು ಮೂಸುವುದರಲ್ಲಿ ಇಂಥ ಆವಿಗಳೂ ಇರುತ್ತವೆ. ಆದ್ದರಿಂದಲೇ ಮೊದಲ ವರ್ಷ ಮಬ್ಬು ಬೇಗ ಬೇಗ ಕಟ್ಟುತ್ತದೆ.

ವಾಹನ ಉದ್ಯಮಕ್ಕೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಡಿಐಎನ್ 75201 ಎಂಬ ಜರ್ಮನ್ ಮಾನದಂಡ ಇರುವುದೇ ಇದನ್ನು ಅಳೆಯಲು. ಬೀಕರಿನ ತಳದಲ್ಲಿ ಡ್ಯಾಶ್‌ಬೋರ್ಡಿನ ವಸ್ತುವಿನ ತುಂಡಿಟ್ಟು 100 ಡಿಗ್ರಿಯಲ್ಲಿ 3 ಗಂಟೆ ಕಾಯಿಸುತ್ತಾರೆ. ಮೇಲೆ 21 ಡಿಗ್ರಿಯಲ್ಲಿ ತಂಪಾಗಿಟ್ಟ ಗಾಜಿನ ಬಿಲ್ಲೆ ಇರುತ್ತದೆ. ಕೊನೆಗೆ ಆ ಗಾಜಿನ ಹೊಳಪು ಎಷ್ಟು ಕುಂದಿತು ಎಂದು ನೋಡುತ್ತಾರೆ. ನಮ್ಮ ಕಾರಿನಲ್ಲಿ ವರ್ಷವಿಡೀ ನಿಧಾನವಾಗಿ ನಡೆಯುವ ಪ್ರಯೋಗವೂ ಇದೇ.

ಇದರ ಮೇಲೆ ನಮ್ಮ ಕೊಡುಗೆಯೂ ಸೇರುತ್ತದೆ. ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಡ್ಯಾಶ್‌ಬೋರ್ಡಿನ ಗಣಪತಿಗೆ ಹಚ್ಚುವ ಊದುಬತ್ತಿಯ ಹೊಗೆಯಲ್ಲಿ ಡಾಂಬರಿನಂಥ ಜಿಡ್ಡಿದೆ. ಸಿಗರೇಟಿನದು ಅದಕ್ಕಿಂತ ಮೊಂಡು. ಎಸಿ ಕಿಂಡಿಗೆ ಸಿಕ್ಕಿಸುವ ಪರ್ಫ್ಯೂಮಿನಲ್ಲಿ ಸುಗಂಧ ತೈಲವಿರುತ್ತದೆ. ಹಿಂದಿನ ಸೀಟಿನ ಕಿಟಕಿಯಲ್ಲಿ ದುಂಡಗೆ ಒಂದು ಮಸುಕು ಇದ್ದರೆ ಅದು ಕೊಬ್ಬರಿ ಎಣ್ಣೆ ಹಚ್ಚಿದ ತಲೆಯನ್ನು ಗಾಜಿಗೆ ಒರಗಿಸಿ ನಿದ್ದೆ ಮಾಡಿದ ಮಗುವಿನ ಗುರುತು. ಇವೆಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಡ್ಯಾಶ್‌ಬೋರ್ಡನ್ನು ಫಳಫಳ ಹೊಳೆಸುವ ಸಿಲಿಕೋನ್ ಪಾಲಿಶ್. ನನ್ನ ಗಾಡಿಗೆ ಆದದ್ದೂ ಅದೇ. ಸರ್ವಿಸಿಗೆ ಬಿಟ್ಟ ಕಡೆ ಪಾಲಿಶ್ ಬಳಿದ ಬಟ್ಟೆಯಲ್ಲೇ ಗಾಜನ್ನೂ ಒರೆಸಿ ಕೊಟ್ಟಿದ್ದರು.

ನೀರು ಬಟ್ಟೆಗೆ ಇದು ಯಾಕೆ ಬಗ್ಗುವುದಿಲ್ಲ?

ಎಣ್ಣೆ ನೀರಿನಲ್ಲಿ ಕರಗದು. ಒದ್ದೆ ಬಟ್ಟೆ ಜಿಡ್ಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾರಿಸುತ್ತದೆ, ಗಾಜಿನಿಂದ ಎತ್ತುವುದಿಲ್ಲ. ಜಿಡ್ಡನ್ನು ಬಿಡಿಸಲು ಸೋಪು ಬೇಕು ಅಥವಾ ಎಣ್ಣೆಯನ್ನು ಕರಗಿಸುವ ದ್ರಾವಕ ಬೇಕು. ಬಿಟ್ಟುಕೊಂಡದ್ದನ್ನು ಗಾಜಿನಿಂದ ಆಚೆ ಒಯ್ಯಲು ಹೀರುವ ಒಣ ಬಟ್ಟೆ ಬೇಕು. ಹೆಚ್ಚಿನವರು ದ್ರವಕ್ಕೆ ದುಡ್ಡು ಸುರಿಯುತ್ತಾರೆ, ಬಟ್ಟೆಗೆ ಗಮನ ಕೊಡುವುದಿಲ್ಲ. ನನ್ನ ಅನುಭವದಲ್ಲಿ ಫಲ ನಿಂತಿರುವುದು ಬಟ್ಟೆಯ ಮೇಲೆ. ದುಬಾರಿ ಸ್ಪ್ರೇ ಹಾಕಿ ಕೊಳೆ ಬಟ್ಟೆಯಲ್ಲಿ ಒರೆಸಿದರೆ ಕಮಾನುಗಳು ಗ್ಯಾರಂಟಿ. ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೂರು ಶುಭ್ರ ಬಟ್ಟೆಯಲ್ಲಿ ಒರೆಸಿದರೆ ಗಾಜು ಹೊಳೆಯುತ್ತದೆ.

ಮಳೆಗಾಲದಲ್ಲಿ ಗಾಜಿನ ಒಳಗೆ ಬೇಗ ಹಬೆ ಕಟ್ಟುವುದಕ್ಕೂ ಇದಕ್ಕೂ ನಂಟಿದೆ. ಶುದ್ಧ ಗಾಜಿನ ಮೇಲೆ ತೇವ ತೆಳ್ಳಗೆ ಹರಡಿಕೊಳ್ಳುತ್ತದೆ, ನೋಟ ಅಷ್ಟಾಗಿ ಕೆಡುವುದಿಲ್ಲ. ಜಿಡ್ಡಿನ ಗಾಜಿನ ಮೇಲೆ ಅದೇ ತೇವ ಸಾವಿರಾರು ಸಣ್ಣ ಹನಿಗಳಾಗಿ ನಿಂತು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಆಗುಂಬೆ, ಚಾರ್ಮಾಡಿ ಕಡೆ ಓಡಾಡುವವರು ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲೇ ಒಮ್ಮೆ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಬೇಕಾಗುವ ಸಾಮಾನು

ಗಾಜಿಗೆಂದೇ ಇಟ್ಟ ಮೂರು ಮೈಕ್ರೋಫೈಬರ್ ಬಟ್ಟೆ. ಟವೆಲಿನಂತೆ ಜುಂಗುಜುಂಗಾಗಿರುವುದಕ್ಕಿಂತ ಮಟ್ಟಸ ನೇಯ್ಗೆಯದು ಗಾಜಿಗೆ ಹೊಂದುತ್ತದೆ. ಮೈಕ್ರೋಫೈಬರ್ ಇಲ್ಲದಿದ್ದರೆ ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡು ನಡೆಯುತ್ತದೆ. ಹೊಸ ಹತ್ತಿ ಬಟ್ಟೆ ಬೇಡ, ಗಂಜಿಯೂ ನಾರೂ ಗಾಜಿಗೆ ಹತ್ತುತ್ತವೆ.

ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನೊರೆ ಏಳುವಷ್ಟು ಹಾಕಬಾರದು, ಹೆಚ್ಚಾದ ಸೋಪೇ ಇನ್ನೊಂದು ಪೊರೆಯಾಗಿ ಕೂರುತ್ತದೆ.

ಇನ್ನೊಂದು ಸ್ಪ್ರೇ ಬಾಟಲಿಯಲ್ಲಿ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಶುದ್ಧ ನೀರು ಒಂದು ಪಾಲು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಹೆಸರು ಓದಿಯೇ ತನ್ನಿ. ಸರ್ಜಿಕಲ್ ಸ್ಪಿರಿಟ್ ಎಂದು ಸಿಗುವ ಕೆಲವಕ್ಕೆ ಹರಳೆಣ್ಣೆ ಸೇರಿಸಿರುತ್ತಾರೆ, ಚರ್ಮ ಒಣಗದಿರಲಿ ಎಂದು. ಗಾಜಿಗೆ ಅದು ಮತ್ತೆ ಜಿಡ್ಡು. ಹ್ಯಾಂಡ್ ಸ್ಯಾನಿಟೈಸರ್ ಕೂಡ ಇದೇ ಕಾರಣಕ್ಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಸ್ಯಾನಿಟೈಸರ್ ಪಾಕದಲ್ಲೇ 1.45 ಶೇಕಡಾ ಗ್ಲಿಸರಾಲ್ ಇದೆ.

ನೀರಿನ ಬಗ್ಗೆಯೂ ಒಂದು ಮಾತು. ಬೋರ್‌ವೆಲ್ ನೀರು ಗಡುಸಾಗಿರುವ ಊರುಗಳಲ್ಲಿ ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಮನೆಯ ಆರ್‌ಓ ನೀರು ಬಳಸಿ. ಹೆಚ್ಚೇನೂ ಬೇಕಾಗುವುದಿಲ್ಲ.

ಮಾಡುವ ಕ್ರಮ

1. ಕಾರನ್ನು ನೆರಳಿಗೆ ತನ್ನಿ. ಗಾಜು ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಗಾಜಿನ ಮೇಲೆ ದ್ರವ ಒರೆಸುವ ಮುಂಚೆಯೇ ಹಾರಿಹೋಗಿ ಕಲೆಯಷ್ಟೇ ಉಳಿಯುತ್ತದೆ. ನಾಲ್ಕೂ ಬಾಗಿಲು ತೆರೆದಿಡಿ.

2. ಮೊದಲು ಡ್ಯಾಶ್‌ಬೋರ್ಡಿನ ಧೂಳು ತೆಗೆಯಿರಿ. ಹಿಂಡಿದ ಒದ್ದೆ ಬಟ್ಟೆ ಸಾಕು. ಗಾಜು ಮುಗಿಸಿ ಆಮೇಲೆ ಧೂಳು ಹೊಡೆದರೆ ಮಾಡಿದ್ದೆಲ್ಲ ದಂಡ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳೆ ಟವೆಲ್ ಹಾಸಿ.

3. ಚಾಲಕನ ಸೀಟು ಬಿಟ್ಟು ಪಕ್ಕದ ಸೀಟಿನಲ್ಲಿ ಕೂರಿ, ಸ್ಟೀರಿಂಗ್ ಅಡ್ಡ ಬರುವುದಿಲ್ಲ. ಮೊದಲ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ನಾಲ್ಕು ಮಡಿಕೆ ಮಾಡಿ. ಗಾಜಿನ ಒಂದು ಅರ್ಧವನ್ನು ಮೇಲಿಂದ ಕೆಳಗೆ ಒರೆಸುತ್ತ ಬನ್ನಿ. ಎರಡು ಮೂರು ಸಲ ಎಳೆದ ಮೇಲೆ ಮಡಿಕೆ ತಿರುಗಿಸಿ. ಬಟ್ಟೆ ಬಿಳಿಯದಾದರೆ ಬೂದು ಬಣ್ಣದ ಕೊಳೆ ಬಂದದ್ದು ಕಣ್ಣಿಗೇ ಕಾಣುತ್ತದೆ. ಈ ಸುತ್ತಿನಲ್ಲಿ ಗಾಜು ಹೊಳೆಯಬೇಕೆಂದು ಬಯಸಬೇಡಿ, ಜಿಡ್ಡು ಸಡಿಲಾದರೆ ಸಾಕು.

4. ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಂತಿರುವ ಕೆಳಗಿನ ಮೂಲೆ ಎಲ್ಲರನ್ನೂ ಸೋಲಿಸುವ ಜಾಗ. ಅಂಗೈಯಿಂದ ಒರೆಸಲು ಹೋದರೆ ಮಣಿಕಟ್ಟು ತಡೆಯುತ್ತದೆ. ಕೈಯನ್ನು ತಿರುವಿ, ಅಂಗೈ ಡ್ಯಾಶ್‌ಬೋರ್ಡಿನ ಕಡೆ, ಬೆರಳುಗಳ ಹಿಂಬದಿ ಗಾಜಿನ ಕಡೆ ಇರುವಂತೆ ಮಾಡಿ. ಬಟ್ಟೆಯನ್ನು ಬೆರಳಿನ ಹಿಂಬದಿಯಿಂದ ಗಾಜಿಗೊತ್ತಿ ಸರಿಸಿದರೆ ಮೂಲೆಯ ತುದಿಯವರೆಗೂ ಹೋಗುತ್ತದೆ. ಆಗಲೂ ಎಟುಕದಿದ್ದರೆ ಅಗಲವಾದ ಮರದ ಸ್ಕೇಲಿಗೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

5. ತೇವ ಆರುವ ಮುಂಚೆ ಎರಡನೆಯ, ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಸಡಿಲಾದ ಜಿಡ್ಡು ಗಾಜು ಬಿಡುವುದು ಈ ಹಂತದಲ್ಲೇ. ಅದಕ್ಕೇ ಅರ್ಧ ಅರ್ಧ ಗಾಜು ಮಾಡಿಕೊಳ್ಳಿ ಎಂದದ್ದು. ಇಡೀ ಗಾಜು ಒದ್ದೆ ಮಾಡಿದರೆ ಒಂದು ಮೂಲೆಗೆ ಬರುವಷ್ಟರಲ್ಲಿ ಇನ್ನೊಂದು ಒಣಗಿರುತ್ತದೆ.

6. ಈಗ ಆಲ್ಕೋಹಾಲ್ ನೀರು. ಗಾಜಿಗೆ ಸ್ಪ್ರೇ ಮಾಡಬೇಡಿ, ಬಟ್ಟೆಗೆ ಮಾಡಿಕೊಳ್ಳಿ. ಇದೇ ಎರಡನೆಯ ಬಟ್ಟೆಯ ಶುಭ್ರವಾದ ಮಗ್ಗುಲಿನಿಂದ ಅಡ್ಡಡ್ಡ ಎಳೆದು, ತಕ್ಷಣ ಮೂರನೆಯ ಒಣ ಬಟ್ಟೆಯಿಂದ ಒರೆಸಿ. ಹಗುರ ಕೈ ಇರಲಿ. ಹೊಸ ಕಾರಿಗೆ, ಸಿಗರೇಟು ಸೇದುವವರ ಕಾರಿಗೆ ಇದನ್ನು ಎರಡು ಮೂರು ಸಲ ಮಾಡಬೇಕಾಗುತ್ತದೆ. ಪ್ರತಿ ಸಲವೂ ಬಟ್ಟೆಯ ಹೊಸ ಮಡಿಕೆ.

7. ಪಕ್ಕದ ಕಿಟಕಿಗಳನ್ನು ಎರಡು ಬೆರಳಿನಷ್ಟು ಕೆಳಗಿಳಿಸಿ ಮೇಲಿನ ಅಂಚು ಮೊದಲು ಒರೆಸಿ. ರಬ್ಬರ್ ಬೀಡಿಂಗಿನೊಳಗೆ ಅಡಗಿರುವ ಆ ಅಂಚಿನಲ್ಲಿ ಕಪ್ಪು ಕೊಳೆ ಗೆರೆಗಟ್ಟಿರುತ್ತದೆ. ಆಮೇಲೆ ಗಾಜು ಪೂರಾ ಏರಿಸಿ ಉಳಿದದ್ದು ಒರೆಸಿ.

8. ಹಿಂದಿನ ಗಾಜಿನಲ್ಲಿ ಅಡ್ಡ ಗೆರೆಗಳಿದ್ದರೆ ಅವು ಹಬೆ ಬಿಡಿಸುವ ಕಾವಿನ ತಂತಿಗಳು. ಗಾಜಿನ ಒಳಮೈ ಮೇಲೆಯೇ ಅಚ್ಚಾಗಿರುವ, ಬೆಳ್ಳಿ ಬೆರೆತ ತೆಳು ಲೇಪ ಅದು. ಗೆರೆಗಳ ಉದ್ದಕ್ಕೇ ಮೆತ್ತಗೆ ಒರೆಸಿ, ಉಗುರು ತಾಗಿಸಬೇಡಿ. ಒಂದು ಕಡೆ ಕಿತ್ತರೆ ಆ ಇಡೀ ಗೆರೆ ಕಾಯುವುದು ನಿಲ್ಲುತ್ತದೆ.

9. ಕತ್ತಲಾದ ಮೇಲೆ ಪರೀಕ್ಷೆ. ಟಾರ್ಚನ್ನು ಹೊರಗಿನಿಂದ ಗಾಜಿಗೆ ಓರೆಯಾಗಿ ಬಿಟ್ಟು ಒಳಗಿನಿಂದ ನೋಡಿ. ಹಗಲಿನಲ್ಲಿ ಕಾಣದ ಕಮಾನುಗಳೆಲ್ಲ ಎದ್ದು ಕಾಣುತ್ತವೆ. ಕಲೆ ಒಳಗಿನದೋ ಹೊರಗಿನದೋ ಎಂಬ ಗೊಂದಲಕ್ಕೆ ಕಾರು ತೊಳೆಯುವವರು ಮಾಡುವ ಒಂದು ಸುಲಭ ಉಪಾಯವಿದೆ: ಒಳಗೆ ಕೊನೆಯ ಒರೆತ ಅಡ್ಡಡ್ಡ, ಹೊರಗೆ ಉದ್ದುದ್ದ. ಗೆರೆ ಯಾವ ದಿಕ್ಕಿಗಿದೆ ನೋಡಿದರೆ ಯಾವ ಕಡೆಯದೆಂದು ತಿಳಿಯುತ್ತದೆ.

ಎಚ್ಚರಿಕೆ

ಆಲ್ಕೋಹಾಲಿನ ಆವಿ ಮನೆಯ ಸಾಮಾನ್ಯ ಉಷ್ಣತೆಯಲ್ಲೇ ಬೆಂಕಿ ಹಿಡಿಯುತ್ತದೆ. ಕಾರಿನೊಳಗೆ ಊದುಬತ್ತಿ ಉರಿಯುತ್ತಿರುವಾಗ, ಬೀಡಿ ಸಿಗರೇಟು ಹಚ್ಚಿಕೊಂಡು ಈ ಕೆಲಸ ಮಾಡಲೇಬಾರದು. ಮಿಕ್ಕಿದ ಬಾಟಲಿಯನ್ನು ಕಾರಿನಲ್ಲಿ ಇಡಬೇಡಿ. ಮನೆಯಲ್ಲೂ ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಗಾಜಿಗೆ ಸನ್ ಫಿಲ್ಮ್ ಅಂಟಿಸಿದ್ದರೆ ನಿಮ್ಮ ಕೈ ಒರೆಸುವುದು ಗಾಜನ್ನಲ್ಲ, ಪ್ಲಾಸ್ಟಿಕ್ಕನ್ನು. ಅಲ್ಲಿ ಸೋಪಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಫಿಲ್ಮನ್ನು ಕೆಡಿಸುತ್ತದೆ, ಆದ್ದರಿಂದ ಲೇಬಲ್ ಓದಿ. ಮಾತು ಬಂದದ್ದಕ್ಕೆ ಹೇಳುವುದಾದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡಾ, ಪಕ್ಕದ ಗಾಜುಗಳಲ್ಲಿ 50 ಶೇಕಡಾ ಬೆಳಕು ಹಾಯಬೇಕು ಎನ್ನುತ್ತದೆ. ಆ ಲೆಕ್ಕವನ್ನು ಪಾಲಿಸಿದ ಗಾಜೂ ಜಿಡ್ಡು ಹತ್ತಿದರೆ ರಾತ್ರಿ ಕುರುಡಾಗುತ್ತದೆ.

ಒಳಗಿನ ಕನ್ನಡಿಯ ಹಿಂದೆ ಕ್ಯಾಮೆರಾ ಅಥವಾ ಮಳೆ ಸೆನ್ಸರ್ ಇದ್ದರೆ ಆ ಜಾಗ ಬಿಟ್ಟುಬಿಡಿ, ಮುಚ್ಚಳ ಬಿಚ್ಚಲು ಹೋಗಬೇಡಿ. ಅದರ ಸುತ್ತ ಒರೆಸುವಾಗ ಇನ್ನೊಂದು ಕೈಯಲ್ಲಿ ಕನ್ನಡಿಯನ್ನು ಹಿಡಿದುಕೊಳ್ಳಿ. ಕೈ ತಗುಲಿ ಕನ್ನಡಿ ಕಿತ್ತು ಬಂದ ಪ್ರಸಂಗಗಳು ಕಡಿಮೆಯಲ್ಲ.

ಬ್ಲೀಚಿಂಗ್ ದ್ರವವನ್ನು ಅಮೋನಿಯಾ, ವಿನೆಗರ್ ಯಾವುದರ ಜೊತೆಗೂ ಬೆರೆಸಬೇಡಿ. ಏಳುವ ಅನಿಲ ವಿಷ, ಕಾರಿನಂಥ ಇಕ್ಕಟ್ಟಿನಲ್ಲಿ ಇನ್ನೂ ಅಪಾಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಓಡಿಸುತ್ತಲೇ ಹಬೆಯನ್ನು ಅಂಗೈಯಿಂದ ಒರೆಸುವುದು ಮೊದಲನೆಯದು. ಎಲ್ಲರೂ ಮಾಡುತ್ತೇವೆ. ಚರ್ಮದ ಎಣ್ಣೆ ಗಾಜಿಗೆ ಹತ್ತಿ, ಮುಂದಿನ ಸಲ ಅಲ್ಲೇ ಮೊದಲು ಹಬೆ ಕಟ್ಟುತ್ತದೆ. ಹಬೆ ಬಂದರೆ ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಎಸಿ ಗಾಳಿಯ ತೇವ ಹೀರುತ್ತದೆ, ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ.

ಹಳೆ ಪೇಪರಿನಿಂದ ಒರೆಸುವುದು ನಮ್ಮ ಅಪ್ಪಂದಿರ ಕಾಲದ ಪದ್ಧತಿ, ಪೂರ್ತಿ ತಪ್ಪೂ ಅಲ್ಲ. ನ್ಯೂಸ್‌ಪ್ರಿಂಟ್ ಚೆನ್ನಾಗಿ ಹೀರುತ್ತದೆ, ನಾರು ಬಿಡುವುದಿಲ್ಲ. ಆದರೆ ಶಾಯಿ ಕೈಗೆ, ಬೀಡಿಂಗಿಗೆ, ತಿಳಿ ಬಣ್ಣದ ಒಳಹೊದಿಕೆಗೆ ಹತ್ತಿದರೆ ಬಿಡಿಸುವುದು ಕಷ್ಟ. ಮನೆಯ ಕಿಟಕಿಗೆ ಸರಿ, ಕಾರಿನೊಳಗೆ ಬೇಡ.

ಪೆಟ್ರೋಲಿನಲ್ಲೋ ಥಿನ್ನರಿನಲ್ಲೋ ಬಟ್ಟೆ ಅದ್ದಿ ಒರೆಸುವವರಿದ್ದಾರೆ. ಬೆಂಕಿಯ ಭಯ ಒಂದು, ಪ್ಲಾಸ್ಟಿಕ್ ಕರಗುವ ಭಯ ಇನ್ನೊಂದು. ಸೀಮೆಎಣ್ಣೆ ತಾನೇ ಜಿಡ್ಡು ಉಳಿಸುತ್ತದೆ. ಟೂತ್‌ಪೇಸ್ಟ್, ಪಾತ್ರೆ ಉಜ್ಜುವ ನಾರು ಗಾಜಿನಲ್ಲಿ ಸಣ್ಣ ಗೀರು ಮಾಡುತ್ತವೆ, ಆ ಗೀರುಗಳೂ ರಾತ್ರಿ ಹೊತ್ತು ಬೆಳಕು ಚದುರಿಸುತ್ತವೆ. ಜಿಡ್ಡಾದರೆ ತೆಗೆಯಬಹುದು, ಗೀರು ಹೋಗುವುದಿಲ್ಲ.

ಆಯುಧಪೂಜೆಯ ದಿನ ಗಾಜಿಗಿಟ್ಟ ಅರಿಶಿನ ಕುಂಕುಮ, ಗಂಧವನ್ನು ಒಣಗಿದ ಮೇಲೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಐದು ನಿಮಿಷ ಒತ್ತಿಟ್ಟರೆ ನೆನೆದು ತಾನೇ ಬರುತ್ತದೆ.

ಬೇಗ ಮರಳದಂತೆ

ಪೂರ್ತಿ ತಡೆಯಲಾಗದು, ನಿಧಾನಗೊಳಿಸಬಹುದು. ನೆರಳಿನಲ್ಲಿ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಗಾಜಿಗೆ ಸನ್‌ಶೇಡ್ ಇಡಿ. ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ ಕಿಟಕಿಗಳನ್ನೆಲ್ಲ ಇಳಿಸಿ ಎರಡು ನಿಮಿಷ ಓಡಿಸಿದರೆ ಕಾದ ಆವಿ ಹೊರಹೋಗುತ್ತದೆ. ಸರ್ವಿಸಿಗೆ ಬಿಡುವಾಗ "ಡ್ಯಾಶ್‌ಬೋರ್ಡಿಗೆ ಪಾಲಿಶ್ ಬೇಡ" ಎಂದು ಜಾಬ್ ಕಾರ್ಡಿನಲ್ಲೇ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ತೊಳೆಯುವ ಹುಡುಗನವರೆಗೆ ತಲುಪುವುದಿಲ್ಲ. ದೇವರಿಗೆ ಊದುಬತ್ತಿ ಬೆಳಗಲೇಬೇಕೆಂದರೆ ಬಾಗಿಲು ತೆರೆದು ಬೆಳಗಿ, ಹೊರಗೆ ತುಳಸಿಕಟ್ಟೆಯ ಬಳಿ ಸಿಕ್ಕಿಸಿಬಿಡಿ. ಹೂವಿನ ಮಾಲೆಯಿಂದ ಯಾವ ತೊಂದರೆಯೂ ಇಲ್ಲ. ನಾನು ಎರಡು ಮೂರು ತಿಂಗಳಿಗೊಮ್ಮೆ ಗಾಜು ಒರೆಸುತ್ತೇನೆ, ಹೊಸ ಕಾರಿಗೆ ಮೊದಲ ವರ್ಷ ತಿಂಗಳಿಗೊಮ್ಮೆ ಬೇಕು.

ಚೆನ್ನಾಗಿ ಒರೆಸಿದ ಮೇಲೂ ನಾಲ್ಕೈದು ದಿನದಲ್ಲೇ ಮುಂದಿನ ಗಾಜು ಅಂಟಂಟಾಗಿ ಮಬ್ಬಾದರೆ, ಅದರಲ್ಲೂ ಬಿಸಿಗಾಳಿ ಹಾಕಿದಾಗ ಸಿಹಿ ವಾಸನೆ ಬಂದರೆ, ಇದು ಒರೆಸುವ ವಿಷಯವಲ್ಲ. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಸೋರುತ್ತಿರಬಹುದು. ಎಂಜಿನ್ ತಂಪಾಗಿಡುವ ಕೂಲಂಟ್ ಆವಿಯಾಗಿ ಗಾಜಿಗೆ ಕೂರುತ್ತದೆ, ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಮುಂದಿನ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆಯಿದೆಯೇ ಮುಟ್ಟಿ ನೋಡಿ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟ ನೋಡಿ, ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ. ಮಟ್ಟ ಇಳಿದಿದ್ದರೆ ದೂರದ ಪ್ರಯಾಣ ಮುಂದೂಡಿ, ಮೆಕ್ಯಾನಿಕ್ ಬಳಿ ಹೋಗಿ.

ಇನ್ನು ಉಳಿದದ್ದು ಬಟ್ಟೆ ಒಗೆಯುವುದು. ಗಾಜಿನ ಬಟ್ಟೆಗಳನ್ನು ಬೇರೆ ಬಟ್ಟೆಯ ಜೊತೆ ಹಾಕಬೇಡಿ, ಬಟ್ಟೆ ಮೆತ್ತಗಾಗಿಸುವ ಫ್ಯಾಬ್ರಿಕ್ ಕಂಡೀಷನರ್ ಸುತರಾಂ ಬೇಡ. ಅದರ ಮೇಣದಂಥ ಅಂಶ ಎಳೆಗಳಿಗೆ ಹತ್ತಿ ಮುಂದಿನ ಸಲ ಗಾಜಿಗೆ ಬರುತ್ತದೆ. ಸ್ವಲ್ಪ ಡಿಟರ್ಜೆಂಟಿನಲ್ಲಿ ಒಗೆದು, ಮೂರು ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಹಾಕಿ. ಒಂದನ್ನು ಮಡಿಸಿ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗ್ಲವ್ ಬಾಕ್ಸಿನಲ್ಲಿಡಿ. ಚೀಲದ ಮೇಲೆ "ಗಾಜಿಗೆ ಮಾತ್ರ" ಎಂದು ಬರೆದಿಟ್ಟರೆ ಮನೆಯವರು ಅದರಲ್ಲಿ ಚೆಲ್ಲಿದ ಕಾಫಿ ಒರೆಸುವುದು ತಪ್ಪುತ್ತದೆ.